'ಹ್ಯಾವ್' ಹಾಕಬೇಕೋ ಬೇಡವೋ? ಇಂಗ್ಲಿಷಿನಲ್ಲಿ ಆಗಿಹೋದದ್ದನ್ನು ಹೇಳುವ ಎರಡು ದಾರಿ

ದುಬೈಯ ಸೂಪರ್‌ಮಾರ್ಕೆಟ್ ಒಂದರ ಕೆಲಸಕ್ಕೆ ಫೋನಿನಲ್ಲೇ ಇಂಟರ್‌ವ್ಯೂ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಈ ಕಡೆ ಇರುವುದು ಉಪ್ಪಳದ ಒಬ್ಬ ಹುಡುಗ. ಮಂಗಳೂರಿನ ಅಂಗಡಿಯೊಂದರಲ್ಲಿ ಮೂರು ವರ್ಷದಿಂದ ದುಡಿಯುತ್ತಿದ್ದಾನೆ, ಈಗಲೂ ಅಲ್ಲೇ ಇದ್ದಾನೆ. ಅನುಭವ ಕೇಳಿದಾಗ 'ಐ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್' ಅಂದುಬಿಟ್ಟ. ಆ ಕಡೆಯವರಿಗೆ ಅರ್ಥವಾದದ್ದೇ ಬೇರೆ: ಇವನು ಆ ಕೆಲಸ ಬಿಟ್ಟಿದ್ದಾನೆ. ಮುಂದಿನ ಪ್ರಶ್ನೆ, 'ಯಾಕೆ ಬಿಟ್ಟಿರಿ?' ಹುಡುಗ ತಬ್ಬಿಬ್ಬು.

ಅವನು ಹೇಳಬೇಕಿದ್ದದ್ದು 'ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್' ಅಂತ. 'ಹ್ಯಾವ್' ಇದ್ದರೆ ಕೆಲಸ ಇನ್ನೂ ನಡೆಯುತ್ತಿದೆ, ಇಲ್ಲದಿದ್ದರೆ ಮುಗಿದಿದೆ. ವ್ಯಾಕರಣ ಪುಸ್ತಕದಲ್ಲಿ ಮೊದಲನೆಯದಕ್ಕೆ ಪ್ರೆಸೆಂಟ್ ಪರ್ಫೆಕ್ಟ್, ಎರಡನೆಯದಕ್ಕೆ ಸಿಂಪಲ್ ಪಾಸ್ಟ್ ಅಂತ ಹೆಸರು.

ಮೂಲ ಲೆಕ್ಕ

ಅಂಗಡಿಯ ಲೆಕ್ಕದ ಪುಸ್ತಕ ಬಲ್ಲವರಿಗೆ ಇದು ಸುಲಭ. ಸಿಂಪಲ್ ಪಾಸ್ಟ್ ಅಂದರೆ ಮುಚ್ಚಿದ ಖಾತೆ. ಒಂದು ದಿನ ಆಯಿತು, ಮುಗಿಯಿತು. ಪ್ರೆಸೆಂಟ್ ಪರ್ಫೆಕ್ಟ್ ಅಂದರೆ ಇವತ್ತಿನ ಪುಟಕ್ಕೂ ಬಾಕಿ ಬಂದಿರುವ ಖಾತೆ. ಕೆಲಸ ಹಿಂದೆ ಆಗಿದ್ದರೂ ಅದರ ಫಲ ಈಗ ಉಂಟು.

'ಐ ಹ್ಯಾವ್ ಲಾಸ್ಟ್ ಮೈ ಪಾಸ್‌ಪೋರ್ಟ್' ಅಂದರೆ ಪಾಸ್‌ಪೋರ್ಟ್ ಕಳೆದಿದೆ, ಈಗಲೂ ಕೈಯಲ್ಲಿಲ್ಲ, ಸಹಾಯ ಬೇಕು ಎಂದು ಕೇಳುವವರಿಗೆ ಗೊತ್ತಾಗುತ್ತದೆ. 'ಐ ಲಾಸ್ಟ್ ಮೈ ಪಾಸ್‌ಪೋರ್ಟ್ ಇನ್ ಶಾರ್ಜಾ ಲಾಸ್ಟ್ ಇಯರ್' ಅನ್ನುವುದು ಹೋದ ವರ್ಷದ ಸಂಗತಿ. ಆಮೇಲೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ.

ತಪ್ಪು ಬರುವುದು ಎಲ್ಲಿಂದ?

ಕನ್ನಡದಲ್ಲಿ 'ಮುಗಿಸಿದೆ', 'ಮುಗಿಸಿದ್ದೇನೆ' ಎಂಬ ಎರಡು ರೂಪ ಉಂಟು. ಹಾಗಾಗಿ 'ಮುಗಿಸಿದ್ದೇನೆ' ಅಂದ ಕೂಡಲೇ 'ಹ್ಯಾವ್' ಹಾಕುವುದು ಶಾಲೆಯಿಂದ ಬಂದ ಅಭ್ಯಾಸ. ಆದರೆ 'ನಾನು 2019ರಲ್ಲಿ ಬಿಕಾಂ ಮುಗಿಸಿದ್ದೇನೆ' ಎಂಬ ಮಾತು ಕನ್ನಡದಲ್ಲಿ ಸರಿಯಾಗಿಯೇ ಇದೆ. ಕಾಸರಗೋಡಿನವರ ಕಿವಿಗೆ ಬೀಳುವ ಮಲಯಾಳದ 'ಪೋಯಿಟ್ಟುಂಡ್' ಕೂಡ ಇದೇ ಜಾತಿ, ಇಸವಿಯ ಜೊತೆ ಹೇಳಿದರೂ ತೊಂದರೆ ಇಲ್ಲ. ಇಂಗ್ಲಿಷ್ ಮಾತ್ರ ಇದನ್ನು ಒಪ್ಪುವುದಿಲ್ಲ. 'ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ ಇನ್ 2019' ತಪ್ಪು. ಇಸವಿ ಹೇಳುವುದಾದರೆ 'ಐ ಕಂಪ್ಲೀಟೆಡ್ ಬಿಕಾಂ ಇನ್ 2019'. ಪದವಿ ಇದೆ ಅಂತಷ್ಟೇ ತಿಳಿಸುವುದಾದರೆ 'ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ'. ಬಯೋಡೇಟಾದಲ್ಲಿ ಮೊದಲು ನೋಡಬೇಕಾದ ಸಾಲು ಇದು.

ಸಮಯ ಹೇಳುವ ಪದಗಳು

ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019 ಮುಂತಾದವು ಮುಗಿದ ಸಮಯದ ಪದಗಳು. ಇವುಗಳ ಜೊತೆ 'ಹ್ಯಾವ್' ಬೇಡ. 'ವೆನ್' ಅಂತ ಕೇಳುವಾಗಲೂ ಹಾಗೇ. 'ವೆನ್ ಹ್ಯಾವ್ ಯೂ ಕಮ್?' ಅಲ್ಲ, 'ವೆನ್ ಡಿಡ್ ಯೂ ಕಮ್?'

ಜಸ್ಟ್, ಆಲ್ರೆಡಿ, ಯೆಟ್, ಎವರ್, ನೆವರ್, ಸೋ ಫಾರ್ ಇವು ಸಾಮಾನ್ಯವಾಗಿ 'ಹ್ಯಾವ್' ಜೊತೆ ಹೋಗುವ ಪದಗಳು. ಅಮೆರಿಕದವರು ಜಸ್ಟ್, ಆಲ್ರೆಡಿ, ಯೆಟ್ ಜೊತೆ ಸಿಂಪಲ್ ಪಾಸ್ಟ್ ಕೂಡ ಬಳಸುತ್ತಾರೆ. 'ಡಿಡ್ ಯೂ ಈಟ್ ಯೆಟ್?' ಅಂತ ಸಿನಿಮಾದಲ್ಲಿ ಕೇಳಿದರೆ ಅದು ಅಲ್ಲಿಯ ರೂಢಿ, ತಪ್ಪಲ್ಲ.

'ದಿಸ್ ಮಾರ್ನಿಂಗ್' ಸ್ವಲ್ಪ ಜಾಗ್ರತೆಯ ಪದ. ಬೆಳಗ್ಗೆ ಹತ್ತಕ್ಕೆ 'ಐ ಹ್ಯಾವ್ ಮೆಟ್ ಟೂ ಕಸ್ಟಮರ್ಸ್ ದಿಸ್ ಮಾರ್ನಿಂಗ್' ಅನ್ನಬಹುದು. ಮಧ್ಯಾಹ್ನ ಊಟವಾದ ಮೇಲೆ ಬೆಳಗ್ಗೆ ಮುಗಿದುಹೋಯಿತು, ಆಗ 'ಐ ಮೆಟ್'.

ಫಾರ್, ಸಿನ್ಸ್

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂಬುದು ಕನ್ನಡದ 'ಐದು ವರ್ಷದಿಂದ' ಎಂಬುದರ ನಕಲು. ಎಷ್ಟು ಕಾಲ ಅನ್ನುವುದಕ್ಕೆ 'ಫಾರ್', ಎಂದು ಶುರು ಅನ್ನುವುದಕ್ಕೆ 'ಸಿನ್ಸ್'. 'ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್' ಅಥವಾ 'ಸಿನ್ಸ್ 2020'. 'ಐ ಹ್ಯಾವ್ ಬೀನ್ ವರ್ಕಿಂಗ್' ಅಂದರೂ ಸರಿ.

ಹೋದವರು, ಹೋಗಿ ಬಂದವರು

ಗಲ್ಫಿನ ನಂಟು ಇರುವ ಮನೆಗಳಲ್ಲಿ ದಿನಾ ಬೇಕಾಗುವ ವ್ಯತ್ಯಾಸ ಇದು. 'ಮೈ ಬ್ರದರ್ ಹ್ಯಾಸ್ ಗಾನ್ ಟು ದುಬೈ' ಅಂದರೆ ಅಣ್ಣ ಈಗ ಊರಲ್ಲಿಲ್ಲ. 'ಮೈ ಬ್ರದರ್ ಹ್ಯಾಸ್ ಬೀನ್ ಟು ದುಬೈ' ಅಂದರೆ ಹೋಗಿ ಬಂದಿದ್ದಾನೆ. ಊರಲ್ಲಿ ಕೂತು 'ಐ ಹ್ಯಾವ್ ಗಾನ್ ಟು ದುಬೈ' ಅಂದರೆ ಕೇಳುವವರು ನಗುತ್ತಾರೆ.

'ಹ್ಯಾವ್' ಹಾಕಿದ ಮೇಲೆ ಕ್ರಿಯಾಪದದ ಮೂರನೇ ರೂಪ ಬೇಕು. 'ಹ್ಯಾವ್ ವೆಂಟ್', 'ಹ್ಯಾವ್ ಸಾ' ಇಲ್ಲ. 'ಹ್ಯಾವ್ ಗಾನ್', 'ಹ್ಯಾವ್ ಸೀನ್'.

ಸುದ್ದಿ ಮತ್ತು ವಿವರ

ಇಂಗ್ಲಿಷಿನಲ್ಲಿ ಹೊಸ ಸುದ್ದಿಯನ್ನು 'ಹ್ಯಾಸ್' ಹಾಕಿ ತೆರೆಯುವುದುಂಟು. ಆಮೇಲೆ ಯಾವಾಗ, ಎಲ್ಲಿ ಎಂಬ ವಿವರ ಸಿಂಪಲ್ ಪಾಸ್ಟ್‌ನಲ್ಲಿ ಬರುತ್ತದೆ. ಬಾನು ಮುಷ್ತಾಕ್ ಅವರಿಗೆ ಪ್ರಶಸ್ತಿ ಬಂದ ಸುದ್ದಿ ತಿಳಿಸುವಾಗ 'ಬಾನು ಮುಷ್ತಾಕ್ ಹ್ಯಾಸ್ ವನ್ ದಿ ಇಂಟರ್‌ನ್ಯಾಷನಲ್ ಬುಕರ್ ಪ್ರೈಜ್'. ತಾರೀಕು ಸೇರಿಸುವಾಗ 'ಶಿ ವನ್ ಇಟ್ ಇನ್ ಮೇ 2025'.

ತೀರಿಕೊಂಡವರ ಬಗ್ಗೆ ಸಾಮಾನ್ಯವಾಗಿ ಸಿಂಪಲ್ ಪಾಸ್ಟ್. ಕಾಸರಗೋಡಿನಲ್ಲಿ ಹುಟ್ಟಿದ, 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಸಾರಾ ಅಬೂಬಕ್ಕರ್ ಇದ್ದಾಗ 'ಶಿ ಹ್ಯಾಸ್ ರಿಟನ್ ಮೆನಿ ಬುಕ್ಸ್' ಅನ್ನಬಹುದಿತ್ತು. ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಈಗ 'ಶಿ ರೋಟ್ ಮೆನಿ ಬುಕ್ಸ್'.

ವ್ಯಾಪಾರದ ಮೆಸೇಜ್

'ವಿ ಹ್ಯಾವ್ ಸೆಂಟ್ ದಿ ಬಿಲ್ ಯೆಸ್ಟರ್‌ಡೇ' ಅಂತ ಬರೆಯುವವರು ತುಂಬಾ ಜನ. 'ಯೆಸ್ಟರ್‌ಡೇ' ಇದ್ದರೆ 'ವಿ ಸೆಂಟ್' ಸಾಕು. ದಿನ ಹೇಳುವ ಅಗತ್ಯ ಇಲ್ಲದಿದ್ದರೆ 'ವಿ ಹ್ಯಾವ್ ಸೆಂಟ್ ದಿ ಬಿಲ್' ಚೆನ್ನ, ಬಿಲ್ ಹೊರಟಿದೆ, ಇನ್ನು ಹಣ ನಿಮ್ಮ ಸರದಿ ಎಂಬ ಸೂಚನೆ ಅದರಲ್ಲೇ ಇದೆ.

ಇಂಟರ್‌ವ್ಯೂನಲ್ಲಿ ಎರಡೂ ಬೇಕು

'ಹ್ಯಾವ್ ಯೂ ಎವರ್ ವರ್ಕ್ಡ್ ಇನ್ ಎ ಬೇಕರಿ?' ಅಂತ ಕೇಳಿದರೆ 'ಯೆಸ್, ಐ ಹ್ಯಾವ್' ಅಂತ ಶುರು ಮಾಡಿ, ತಕ್ಷಣ 'ಐ ವರ್ಕ್ಡ್ ಇನ್ ಒನ್ ಇನ್ 2021' ಅಂತ ವಿವರ ಕೊಡಬೇಕು. ಅನುಭವ ಇದೆ ಎಂಬುದು ಇಂದಿನ ಮಾತು, ಯಾವಾಗ ಎಂಬುದು ಅಂದಿನ ಮಾತು.

ಮಾತಾಡುವಾಗ ಗೊಂದಲವಾದರೆ ಎರಡೇ ಪ್ರಶ್ನೆ ಸಾಕು. ಯಾವಾಗ ಆಯಿತು ಅಂತ ಹೇಳುತ್ತಿದ್ದೇನೆಯೇ? ಹೌದಾದರೆ 'ಹ್ಯಾವ್' ಬೇಡ. ಅದು ಈಗಲೂ ನಡೆಯುತ್ತಿದೆಯೇ, ಅಥವಾ ಅದರ ಫಲ ಈಗ ಕೈಯಲ್ಲಿ ಇದೆಯೇ? ಹೌದಾದರೆ 'ಹ್ಯಾವ್' ಬೇಕು. ಉಪ್ಪಳದ ಹುಡುಗ ಇದನ್ನು ಮೊದಲೇ ಕೇಳಿಕೊಂಡಿದ್ದರೆ, ಬಿಡದ ಕೆಲಸವನ್ನು ಯಾಕೆ ಬಿಟ್ಟೆ ಅಂತ ವಿವರಿಸುವ ಪಾಡು ಬರುತ್ತಿರಲಿಲ್ಲ.