ಹಾಸನ ಸೀಮೆಯಲ್ಲಿ ಕೈಯಿಂದ ಕೈಗೆ ದಾಟಿದ ಕರೆ

ಹಾಸನಕ್ಕೆ 08172. ಹೊಳೆನರಸೀಪುರಕ್ಕೂ ಅರಕಲಗೂಡಿಗೂ 08175. ಚನ್ನರಾಯಪಟ್ಟಣಕ್ಕೆ 08176. ಎಸ್‌ಟಿಡಿ ಬೂತಿನ ಕಾಲದಲ್ಲಿ ನಂಬರು ಊರಿಗೆ ಅಂಟಿಕೊಂಡಿತ್ತು. ಮಾತಾಡುವವರು ಗಾಜಿನ ಬಾಗಿಲೊಳಗೆ, ಏರುತ್ತಿರುವ ಮೀಟರನ್ನು ನೋಡುತ್ತ ನಿಂತಲ್ಲೇ ನಿಂತಿರಬೇಕಿತ್ತು. ಮಾತಾಡುತ್ತಲೇ ಒಂದೂರು ಬಿಟ್ಟು ಇನ್ನೊಂದೂರು ಸೇರುವುದು ಆಮೇಲೆ ಬಂದ ಸೌಕರ್ಯ. ಅದರ ಹಿಂದಿನ ಕೆಲಸಕ್ಕೆ ಎಂಜಿನಿಯರುಗಳು ಹ್ಯಾಂಡೋವರ್ ಎನ್ನುತ್ತಾರೆ: ನಡೆಯುತ್ತಿರುವ ಕರೆಯನ್ನು ಒಂದು ಟವರು ತುಂಡಾಗದಂತೆ ಮುಂದಿನ ಟವರಿಗೆ ಒಪ್ಪಿಸುವುದು.

ಒಪ್ಪಿಸುವ ಕೆಲಸ ಹೊಸದಲ್ಲ. ಎಸ್‌ಟಿಡಿಗೂ ಮುಂಚೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ದರ್ಜೆ ಏರಿದಂತೆ ದುಡ್ಡೂ ಏರುತ್ತಿತ್ತು. ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತ ಆಪರೇಟರು ಮುಂದಿನ ಊರಿನ ಆಪರೇಟರನ್ನು ಕೂಗಿ ಕರೆಯನ್ನು ದಾಟಿಸುತ್ತಿದ್ದರು. ಲೈನು ಒಂದೇ ಖಾಲಿ ಇದ್ದು ಕೇಳುವವರು ಮೂವರಿದ್ದರೆ ಯಾರಿಗೆ ಕೊಡುವುದು? ಈ ಇಕ್ಕಟ್ಟನ್ನು ಗಣಿತಕ್ಕೆ ತಂದವನು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಎರ್ಲಾಂಗ್. ಇಷ್ಟು ಲೈನು, ಇಷ್ಟು ಬೇಡಿಕೆ ಇದ್ದರೆ ಎಷ್ಟು ಕರೆಗಳು ಬರಿಗೈಲಿ ಹಿಂದಿರುಗುತ್ತವೆ ಎಂಬ ಸೂತ್ರವನ್ನು ಅವನು 1917ರಲ್ಲಿ ಪ್ರಕಟಿಸಿದ.

ದೂರಸಂಪರ್ಕದ ಭೂಪಟದಲ್ಲಿ ಹಾಸನದ ಹೆಸರು ಮೊದಲು ಮೂಡಿದ್ದು ಮೊಬೈಲಿನಿಂದಲ್ಲ, ಉಪಗ್ರಹದಿಂದ. ಉಪಗ್ರಹಗಳನ್ನು ನಿಯಂತ್ರಿಸುವ ಸಾಲಗಾಮೆ ರಸ್ತೆಯ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) 1982ರಲ್ಲಿ ಇನ್ಸಾಟ್-1ಎ ಜೊತೆಗೆ ಕೆಲಸ ಶುರುಮಾಡಿತು. ಆ ಉಪಗ್ರಹ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು; 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಕೈಹಿಡಿಯಿತು. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇಂಥ ಉಪಗ್ರಹಕ್ಕೆ ಇಡೀ ಭಾರತ ಒಂದೇ ನೋಟಕ್ಕೆ ಸಿಗುತ್ತದೆ. ಅದರ ಕೆಳಗೆ ಯಾರು ಎಲ್ಲಿಗೆ ಹೋದರೂ ಕರೆಯನ್ನು ಯಾರಿಗೂ ಒಪ್ಪಿಸಬೇಕಿಲ್ಲ. ಅದೇ ಹಾಸನದ ಬಸ್ ಸ್ಟ್ಯಾಂಡಿನಿಂದ ಅರಕಲಗೂಡಿನ ಬಸ್ಸು ಹತ್ತಿದವರ ಕರೆಯನ್ನು ಮಾತ್ರ ದಾರಿಯುದ್ದಕ್ಕೂ ಟವರಿನಿಂದ ಟವರಿಗೆ ಸಾಗಹಾಕಬೇಕು.

ಓಡುವ ವಾಹನದಲ್ಲಿ ಈ ಸಾಗಾಟ ಮೊದಲು ನಡೆದದ್ದು ರೈಲಿನಲ್ಲಿ. 1969ರಲ್ಲಿ ನ್ಯೂಯಾರ್ಕ್–ವಾಷಿಂಗ್ಟನ್ ನಡುವಿನ ಮೆಟ್ರೋಲೈನರ್ ರೈಲಿನ ಫೋನಿಗಾಗಿ ಹಳಿಯ ಉದ್ದವನ್ನು ಒಂಬತ್ತು ವಲಯಗಳಾಗಿ ಹಂಚಿದ್ದರು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಏಮಸ್ ಜೋಯೆಲ್‌ಗೆ ಈ ವಿಧಾನದ ಪೇಟೆಂಟ್ ಸಿಕ್ಕಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರದ ಸಂಪರ್ಕ ಸಚಿವ ಸುಖರಾಂ ನಡುವೆ. ಕರ್ನಾಟಕಕ್ಕೆ ಮೊದಲು ಜೆಟಿಎಂ, ಸ್ಪೈಸ್ ಕಂಪನಿಗಳು ಬಂದವು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಬಂತು. 2003ರಲ್ಲಿ ಇನ್‌ಕಮಿಂಗ್ ಉಚಿತವಾದ ಮೇಲೆ ಕಿಸೆಯಲ್ಲಿ ಫೋನ್ ಇಟ್ಟುಕೊಳ್ಳುವ ಭಯ ಹೋಯಿತು.

ಚನ್ನರಾಯಪಟ್ಟಣ ಬಿಟ್ಟು ಹಾಸನದ ಕಡೆ ಹೊರಟ ಬಸ್ಸಿನಲ್ಲಿ ಒಬ್ಬರು ಮಾತಾಡುತ್ತಿದ್ದಾರೆ ಎನ್ನೋಣ. ಜಿಎಸ್‌ಎಂ ಫೋನು ಅರ್ಧ ಸೆಕೆಂಡಿಗೂ ಕಡಿಮೆ, ಸರಿಯಾಗಿ 480 ಮಿಲಿಸೆಕೆಂಡಿಗೊಮ್ಮೆ, ತನ್ನ ಟವರಿನ ಬಲವನ್ನೂ ಸುತ್ತಲಿನ ಆರು ಟವರುಗಳ ಬಲವನ್ನೂ ಅಳೆದು ವರದಿ ಒಪ್ಪಿಸುತ್ತದೆ. ಮುಂದಿನ ಟವರು ಒಂದು ಕೂದಲೆಳೆ ಹೆಚ್ಚು ಕೇಳಿಸಿತೆಂದು ಕೂಡಲೇ ಜಿಗಿಯುವಂತಿಲ್ಲ. ಹಾಗೆ ಮಾಡಿದರೆ ಹೇಮಾವತಿಯ ಎರಡು ದಡದ ಟವರುಗಳ ಮಧ್ಯೆ, ಹೊಳೆನರಸೀಪುರದ ಸೇತುವೆ ದಾಟುವ ಇನ್ನೊಂದು ಬಸ್ಸಿನವರ ಕರೆ ಚೆಂಡಿನಂತೆ ಅತ್ತಿಂದಿತ್ತ ಪುಟಿಯುತ್ತದೆ. ಹಾಗೆಂದು ಬಹಳ ಕಾದರೆ ಹಳೆಯ ಟವರಿನ ದನಿಯೇ ಕರಗಿಹೋಗುತ್ತದೆ.

ಇದಕ್ಕಿಂತ ಕಷ್ಟದ್ದು ಜಾಗದ ಪ್ರಶ್ನೆ. ಮುಂದಿನ ಟವರಿನಲ್ಲಿ ಎಲ್ಲ ಲೈನುಗಳೂ ಭರ್ತಿಯಾಗಿದ್ದರೆ ಬಸ್ಸಿನವರ ಮಾತು ಅರ್ಧಕ್ಕೇ ಕಟ್. ಫೋನು ಸೇರದಿದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ. ಮಾತಿನ ನಡುವೆ ಕಡಿದರೆ ಮನಸ್ಸೇ ಕೆಡುತ್ತದೆ. ಪರಿಹಾರ ನಮ್ಮ ಬಸ್ ಸ್ಟ್ಯಾಂಡಿನವರಿಗೆ ಹೊಸದೇನಲ್ಲ: ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು. ದಾಟಿ ಬರುವ ಕರೆಗೆಂದೇ ಒಂದೆರಡು ಲೈನು ಕಾದಿರಿಸುವ ಈ ಕ್ರಮವನ್ನು ಡಿ. ಹಾಂಗ್ ಮತ್ತು ಎಸ್.ಎಸ್. ರಾಪಾಪೋರ್ಟ್ 1986ರಲ್ಲಿ ಲೆಕ್ಕಕ್ಕೆ ಇಳಿಸಿದರು.

ಸಣ್ಣ ಊರಿನ ಟವರೊಂದರಲ್ಲಿ ಮಾತಿಗೆ ಏಳು ಲೈನು, ಸರಾಸರಿ ಮೂರು ಲೈನಿನಷ್ಟು ಬೇಡಿಕೆ, ಅದರಲ್ಲಿ ಮೂರರಲ್ಲೊಂದು ಪಾಲು ಪಕ್ಕದ ಟವರಿನಿಂದ ಬಂದದ್ದು ಎಂದುಕೊಳ್ಳಿ. ಯಾರಿಗೂ ಕಾದಿರಿಸದಿದ್ದರೆ ಎರ್ಲಾಂಗನ ಸೂತ್ರದ ಪ್ರಕಾರ ಎರಡೂ ಬಗೆಯ ಕರೆಗಳಲ್ಲಿ ಶೇ. 2.2 ಸೋಲುತ್ತವೆ. ಒಂದೇ ಒಂದು ಲೈನಿಗೆ ಟವೆಲ್ ಹಾಕಿದರೆ ದಾಟಿ ಬರುವ ಕರೆಗಳ ಸೋಲು ಶೇ. 0.7ಕ್ಕೆ ಇಳಿಯುತ್ತದೆ, ಹೊಸ ಕರೆಗಳದ್ದು ಶೇ. 5.9ಕ್ಕೆ ಏರುತ್ತದೆ. ದಾರಿಯಲ್ಲಿರುವವರ ಮಾತು ಉಳಿಯಲು ಊರಲ್ಲಿ ಕೂತವರು ಅಷ್ಟು ಬೆಲೆ ತೆರುತ್ತಾರೆ. ಲೆಕ್ಕದ ಕೊನೆಗೆ ಬರುವುದು ನ್ಯಾಯದ ಪ್ರಶ್ನೆಯೇ.

ಯಂತ್ರ ಕೆಡುವುದನ್ನೂ ಇದಕ್ಕೆ ಸೇರಿಸಬೇಕು. ಟವೆಲ್ ಇಲ್ಲದ ಅದೇ ಟವರಿನಲ್ಲಿ ಏಳರಲ್ಲಿ ಒಂದು ಲೈನು ಕೆಟ್ಟರೆ ಸೋಲು ಶೇ. 2.2ರಿಂದ ಶೇ. 5.2ಕ್ಕೆ ನೆಗೆಯುತ್ತದೆ. ಕರೆಂಟು ಹೋಗಿ, ಬ್ಯಾಟರಿ ಇಳಿದು ಇಡೀ ಟವರೇ ಮಲಗಿದರೆ ಅದರ ಹೊರೆ ಅಕ್ಕಪಕ್ಕದವುಗಳ ಹೆಗಲಿಗೆ. ದಟ್ಟಣೆಯನ್ನೂ ಕೆಡುಕನ್ನೂ ಬೇರೆಬೇರೆಯಾಗಿ ಅಳೆಯದೆ ಒಂದೇ ಮಾದರಿಯಲ್ಲಿ ಹಿಡಿಯಬೇಕೆಂದು ಬಹುಕಾಲ ದುಡಿದವರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ, ಭಾರತ ಮೂಲದ ಕಿಶೋರ್ ತ್ರಿವೇದಿ ಮುಖ್ಯರು.

ಗ್ರಾಹಕರ ಪರವಾಗಿ ಈ ಸೋಲುಗಳನ್ನು ಎಣಿಸಬೇಕಾದ ಸಂಸ್ಥೆ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಅದು 1997ರ ಫೆಬ್ರವರಿ 20ರಂದು ಹುಟ್ಟಿದಾಗ ಪ್ರಧಾನಿಯಾಗಿದ್ದವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು. ಕಡಿದ ಪ್ರತಿ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ಕರೆಗಳವರೆಗೆ ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ವಿಧಿಸಿತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಶೇ. 2ಕ್ಕಿಂತ ಹೆಚ್ಚು ಕರೆ ಕಡಿಯಬಾರದೆಂಬ ಮಿತಿ ಅದಕ್ಕೂ ಮುಂಚೆಯೇ ಇತ್ತಾದರೂ ಅಳೆಯುತ್ತಿದ್ದುದು ಇಡೀ ಕರ್ನಾಟಕ ಸರ್ಕಲ್ಲಿನ ಸರಾಸರಿಯನ್ನು. ಎಷ್ಟು ಟವರುಗಳಲ್ಲಿ, ಎಷ್ಟು ದಿನ ಮಿತಿ ಮೀರಿತು ಎಂದು ನೋಡುವ ಕ್ರಮ ಬಂದದ್ದು 2017ರಲ್ಲಿ. ಬೆಂಗಳೂರಿನ ಸಾವಿರಾರು ಟವರುಗಳ ನಡುವೆ ಮುಳುಗಿಹೋಗುತ್ತಿದ್ದ ಅರಕಲಗೂಡಿನ ಟವರೊಂದರ ಕೆಟ್ಟ ದಿನವೂ ಆಗಿನಿಂದ ಎಣಿಕೆಗೆ ಬರತೊಡಗಿತು.