ಸ್ವರವ ತಿರುಗುಸುವ ಪೆಟ್ಟಿಗೆಯ ಕತೆ

ಅಕ್ಕಂದ್ರೇ, ಕಳುದ ತಿಂಗಳು ತಂಗೆಯ ಮಗಳು ಕಾಲೇಜಿನ ವೇದಿಕೆಲಿ ಹಾಡ್ಲೆ ಹೆರಟಿತ್ತು. ಅದರ ಹತ್ತರೆ ಒಂದು ಲೂಪ್ ಪೆಡಲು ಇದ್ದು. ಕಾಲಿಲಿ ಒಂದರಿ ಮೆಟ್ಟಿ ಒಂದು ಸಾಲು ಹಾಡಿ, ಇನ್ನೊಂದರಿ ಮೆಟ್ಟಿರೆ ಅದೇ ಸಾಲು ತಿರುಗಿ ತಿರುಗಿ ಬತ್ತಾ ಇರ್ತು. ಅದರ ಮೇಲೆ ಬೇರೆ ಸ್ವರ ಸೇರ್ಸುಲಕ್ಕು. ಒಂದೇ ಕೂಸು ನಾಲ್ಕು ಜೆನ ಹಾಡಿದ ಹಾಂಗೆ ಕೇಳ್ತು. ಅಂದು ಮಾಂತ್ರ ಎಷ್ಟು ಮೆಟ್ಟಿರೂ ಪೆಟ್ಟಿಗೆ ಮಾತಾಡಿದ್ದಿಲ್ಲೆ. ಕೂಸು ಕೂಗಿಗೊಂಡು ಕೆಳ ಇಳುದತ್ತು. "ಎನಗೇ ಸರಿ ಮೆಟ್ಟುಲೆ ಅರಡಿಯ ದೊಡ್ಡಮ್ಮ, ಇನ್ನು ಹಾಡ್ತಿಲ್ಲೆ" ಹೇಳಿತ್ತು. ತಪ್ಪು ಕೂಸಿಂದೋ ಪೆಟ್ಟಿಗೆದೋ ಹೇಳಿ ಎನಗೆ ನೋಡೆಕ್ಕಾತು.

ಇದರ ಮೂಲ ಟೇಪ್ ರೆಕಾರ್ಡರು. 1963ರಲ್ಲಿ ಅಮೆರಿಕದ ಟೆರಿ ರೈಲಿ ಪ್ಯಾರಿಸಿಲಿ ಚೆಟ್ ಬೇಕರನ ಟ್ರಂಪೆಟಿಂಗೆ ಎರಡು ರೆಕಾರ್ಡರು ಮಡಗಿ, ಒಂದೇ ಟೇಪಿನ ಎರಡರಲ್ಲಿಯೂ ಹಾಯಿಸಿದವು. ಒಂದು ಕೇಳಿದ್ದರ ತುಂಬುಸಿಗೊಂಬದು, ಇನ್ನೊಂದು ರಜ್ಜ ತಡವಾಗಿ ಹಾಡುದು, ಅದು ತಿರುಗಿ ಮದಲಾಣದ್ದಕ್ಕೇ ಹೋಪದು. 1972ರಲ್ಲಿ ಇಂಗ್ಲೆಂಡಿನ ರಾಬರ್ಟ್ ಫ್ರಿಪ್, ಬ್ರಯಾನ್ ಈನೋ ಇದೇ ಕೆಲಸವ ರಿವಾಕ್ಸ್ ಎ77 ಹೇಳ್ತ ಎರಡು ಸ್ವಿಸ್ ಮೆಶಿನಿಲಿ ಮಾಡಿದವು. ಆ ಮೆಶಿನಿಂಗೆ ಮೂರು ಮೋಟಾರು. ಟೇಪಿನ ಎಳವ ಮೋಟಾರಿನ ವೇಗ ಕಾವಲೆ ಬೇರೆಯೇ ಸರ್ಕ್ಯೂಟು. ಎಂತಕೆ ಹೇಳಿರೆ, ವೇಗ ಇಳುದರೆ ಶ್ರುತಿಯೂ ಇಳಿತ್ತು. ಬೆಲ್ಟು ಸಡ್ಲ ಆದಪ್ಪಗ ನಮ್ಮ ಹಳೇ ಟೇಪ್ ರೆಕಾರ್ಡರಿಲಿ ಭಜನೆ ಎಳಕ್ಕೊಂಡು ಬಂದದು ನೆಂಪಿದ್ದಲ್ಲದೋ?

1974ರಲ್ಲಿ ಜಪಾನಿನ ರೋಲೆಂಡ್ ಕಂಪೆನಿಯವು ಸ್ಪೇಸ್ ಎಕೋ ತಂದವು. ಅದರಲ್ಲಿ ಟೇಪಿನ ಸುರುಳಿ ಸುತ್ತುಸದ್ದೆ, ಕೊಡಿಗೆ ಕೊಡಿ ಜೋಡ್ಸಿ ಚಪ್ಪಟೆ ಡಬ್ಬಿಲಿ ಸಡ್ಲಕ್ಕೆ ಬಿಟ್ಟವು. ಎಳೆತ ಕಮ್ಮಿ, ಸವೆತವೂ ಕಮ್ಮಿ. ಆದರೂ ಟೇಪು ಬದಲ್ಸೆಕ್ಕು, ಹೆಡ್ಡು ಉದ್ದೆಕ್ಕು, ರಬ್ಬರು ಗಟ್ಟಿಯಾವ್ತು.

ಮತ್ತೆ ಬಂದದು ಚಿಪ್ಪು. 1994ರ ಲೆಕ್ಸಿಕನ್ ಜಾಮ್‌ಮ್ಯಾನಿಂಗೆ 8 ಸೆಕೆಂಡಿನ ನೆಂಪು, ಚಿಪ್ಪು ಸೇರ್ಸಿರೆ 32. ಸವೆತ್ತಿಲ್ಲೆ, ಆದರೆ ಕರೆಂಟು ಹೋದರೆ ಹಾಡೂ ಹೋತು. 2001ರ ಬಾಸ್ ಆರ್‌ಸಿ-20ಲಿ ಐದೂವರೆ ನಿಮಿಷ. ಕರೆಂಟು ತೆಗದರೂ ನೆಂಪು ಒಳಿತ್ತು.

ಅಂಬಗ ಈಗ ಹಾಳಪ್ಪದು ಏವದು? ಮೆಟ್ಟುವ ಸ್ವಿಚ್ಚು! ಚಿಪ್ಪಿನ ಆರೂ ಮೆಟ್ಟುತ್ತವಿಲ್ಲೆ. ಗಟ್ಟಿ ಪೆಡಲಿಲಿ ಸ್ವಿಚ್ಚಿನ ಲೋಹದ ಪೆಟ್ಟಿಗೆಗೇ ನಟ್ಟು ಹಾಕಿ ಬಿಗಿತ್ತವು, ಅಲ್ಲಿಂದ ವಯರು ಎಳೆತ್ತವು. ಖರ್ಚು ಒಳುಶುಲೆ ಸೀದಾ ಬೋರ್ಡಿಂಗೆ ಬೆಸುಗೆ ಹಾಕಿ ಬೇರೆ ಆಧಾರ ಕೊಡದ್ರೆ, ಮೆಟ್ಟಿದ ಹಾಂಗೆ ಬೋರ್ಡು ಬಗ್ಗುತ್ತು, ಬೆಸುಗೆ ಒಡೆತ್ತು.

ಇವು ಪೆಡಲು ಬಿಚ್ಚಿ ಭೂತಕನ್ನಡಿ ಹಿಡುದವು. ಸ್ವಿಚ್ಚಿನ ಕಾಲಿನ ಸುತ್ತ ಕೂದಲೆಳೆಯಷ್ಟು ಬಿರುಕು! ಕೂಸಿನ ದಿನುಗೇಳಿ ತೋರ್ಸಿದೆ: "ನೋಡು ಮಗಳೇ, ತಪ್ಪು ನಿನ್ನ ಕಾಲಿಂದಲ್ಲ, ಬೆಸುಗೆದು." ಅದು ಸುಮಾರು ಹೊತ್ತು ನೋಡಿತ್ತು, ಮತ್ತೆ ನೆಗೆ ಮಾಡಿತ್ತು. ಹೊಸ ಬೆಸುಗೆ ಆತು, ಬೋರ್ಡಿನ ಅಡಿಂಗೆ ಒಂದು ಆಧಾರವೂ ಆತು. ನಿನ್ನೆ ಹೊತ್ತೋಪಗ ಜೆಗಿಲಿಲಿ ಕೂದು ತಿರುಗ ಹಾಡಿತ್ತು.

ಮಕ್ಕೊಗೆ ಹೀಂಗಿಪ್ಪ ಸಾಮಾನು ತೆಗವಗ ಬಣ್ಣ ನೋಡೆಡಿ ಅಕ್ಕಂದ್ರೇ, ಮೆಟ್ಟುವ ಜಾಗೆ ಗಟ್ಟಿ ಇದ್ದೋ ನೋಡಿ. ಕೆಟ್ಟರೆ ಮಕ್ಕಳ ಬೈವ ಮದಲು ಒಂದರಿ ಬಿಚ್ಚುಸಿ ನೋಡಿಕ್ಕಿ.