ನೆರೆಮನೆಯ ರೊಟ್ಟಿ

ಮದೀನಾದ ಚರಿತ್ರೆ ಎಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ಬದ್ರ್, ಉಹುದ್, ಖಂದಕ್‌ಗಳು ನೆನಪಾಗುತ್ತವೆ. ಆ ಊರಿನ ಒಲೆಗಳ ಬಗ್ಗೆ ನಾವು ಮಾತನಾಡುವುದು ಕಡಿಮೆ. ಆದರೆ ಹದೀಸ್ ಗ್ರಂಥಗಳನ್ನು ಗಮನವಿಟ್ಟು ಓದಿದರೆ, ಅಲ್ಲಿ ಹಿಟ್ಟು ಕಲಸಿದವರು ಯಾರು, ರೊಟ್ಟಿ ಸುಟ್ಟವರು ಯಾರು, ಯಾರ ಮನೆಯಿಂದ ಯಾರ ಮನೆಗೆ ಹಾಲು ಹೋಯಿತು ಎಂಬುದೂ ದಾಖಲಾಗಿದೆ.

ಕ್ರಿ.ಶ. 622ರ ಹಿಜ್ರಾದ ಕಾಲದಲ್ಲಿ ಹ. ಅಬೂಬಕರ್(ರ)ರ ಪುತ್ರಿ ಹ. ಅಸ್ಮಾ(ರ) ತುಂಬು ಗರ್ಭಿಣಿಯಾಗಿ ಮಕ್ಕಾದಿಂದ ಹೊರಟು ಬಂದರು. ಕುಬಾದಲ್ಲಿ ಅವರಿಗೆ ಗಂಡು ಮಗುವಾಯಿತು. ಪತಿ ಹ. ಝುಬೈರ್(ರ)ರ ಬಳಿ ಇದ್ದದ್ದು ಒಂದು ಕುದುರೆ ಮತ್ತು ನೀರು ಹೊರುವ ಒಂದು ಒಂಟೆ ಮಾತ್ರ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ಚರ್ಮದ ಬಕೀಟು ಹೊಲಿಯುವುದು, ಹಿಟ್ಟು ಕಲಸುವುದು ಎಲ್ಲವೂ ಅಸ್ಮಾರ ಪಾಲಿಗಿತ್ತು. ಮುಂದೆ ಸುಮಾರು ಎರಡು ಮೈಲು ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದುದೂ ಅವರೇ.

ಈ ವಿವರಗಳನ್ನು ಸ್ವತಃ ಅವರೇ ಹೇಳಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಇದು ವರದಿಯಾಗಿದೆ. ಅದೇ ಮಾತಿನಲ್ಲಿ ಅವರು ಇನ್ನೊಂದು ವಿಷಯವನ್ನೂ ತಿಳಿಸುತ್ತಾರೆ. ಅವರಿಗೆ ರೊಟ್ಟಿ ಚೆನ್ನಾಗಿ ಸುಡಲು ಬರುತ್ತಿರಲಿಲ್ಲ. ನೆರೆಯ ಅನ್ಸಾರ್ ಮಹಿಳೆಯರು ಅವರಿಗೆ ರೊಟ್ಟಿ ಸುಟ್ಟು ಕೊಡುತ್ತಿದ್ದರು. ಆ ಮಹಿಳೆಯರ ಹೆಸರು ನಮಗೆ ಗೊತ್ತಿಲ್ಲ. ಅವರು ಪ್ರಾಮಾಣಿಕ ಸ್ತ್ರೀಯರಾಗಿದ್ದರು ಎಂದು ಅಸ್ಮಾ(ರ) ಸ್ಮರಿಸಿದ್ದಾರೆ.

ಇದನ್ನು ದಾನ ಎನ್ನಲಾಗದು. ಹಿಟ್ಟು ಅಸ್ಮಾರದ್ದು, ಅದನ್ನು ಕಲಸಿದ್ದೂ ಅವರೇ. ಸುಡುವ ಕೆಲಸ ಮಾತ್ರ ನೆರೆಯವರದ್ದು. ನನಗೆ ಬರುವುದಿಲ್ಲ ಎನ್ನಲು ಅವರು ನಾಚಲಿಲ್ಲ. ಅಬೂಬಕರ್‌ರ ಮಗಳಿಗೆ ರೊಟ್ಟಿ ಸುಡಲು ಬರುವುದಿಲ್ಲವೇ ಎಂದು ನೆರೆಯವರು ಆಡಿಕೊಂಡ ದಾಖಲೆಯೂ ಇಲ್ಲ.

ಪ್ರವಾದಿ(ಸ)ರ ಮನೆಯ ಸ್ಥಿತಿಯೂ ಬೇರೆಯಾಗಿರಲಿಲ್ಲ. ಎರಡು ತಿಂಗಳಲ್ಲಿ ಮೂರು ಬಾಲಚಂದ್ರರನ್ನು ಕಂಡರೂ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ಖರ್ಜೂರ ಮತ್ತು ನೀರೇ ಆಹಾರವಾಗಿತ್ತು ಎಂದು ಹ. ಆಯಿಶಾ(ರ) ಅಸ್ಮಾರ ಮಗ ಉರ್ವಾರಿಗೆ ತಿಳಿಸಿದ್ದರು. ಹಾಲು ಕೊಡುವ ಜಾನುವಾರುಗಳಿದ್ದ ಅನ್ಸಾರ್ ನೆರೆಯವರು ಆಗ ಹಾಲು ಕಳಿಸುತ್ತಿದ್ದರು.

ಹಿಜ್ರಿ 7ರಲ್ಲಿ ಖೈಬರ್‌ನ ಸಮಯಕ್ಕೆ ಅಬಿಸೀನಿಯಾದಿಂದ ಹ. ಜಅಫರ್(ರ)ರ ಜೊತೆ ಯಮನ್‌ನ ಅಶ್‌ಅರೀ ಗೋತ್ರದವರೂ ಬಂದರು. ಪ್ರಯಾಣದಲ್ಲಾಗಲಿ ಮದೀನಾದಲ್ಲಾಗಲಿ ಆಹಾರ ಕಡಿಮೆಯಾದಾಗ ಅವರು ತಮ್ಮಲ್ಲಿದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು, ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ)ರು ಇದನ್ನು ಮೆಚ್ಚಿ, ಅವರು ತಮ್ಮವರು, ತಾವು ಅವರವರು ಎಂದರು.

ಮರುವರ್ಷ, ಹಿಜ್ರಿ 8ರಲ್ಲಿ (ಕ್ರಿ.ಶ. 629), ಮುಅ್ತಾ ಯುದ್ಧದಲ್ಲಿ ಅದೇ ಜಅಫರ್(ರ) ಹುತಾತ್ಮರಾದರು. ಸುದ್ದಿ ತಲಪಿದಾಗ, ಜಅಫರ್‌ರ ಮನೆಯವರಿಗೆ ಅಡುಗೆ ಮಾಡಿಕೊಡಿ, ಅವರು ದುಃಖದಲ್ಲಿ ಮುಳುಗಿದ್ದಾರೆ ಎಂದು ಪ್ರವಾದಿ(ಸ)ರು ಆದೇಶಿಸಿದರು. ಸಾವಿನ ಮನೆಗೆ ಬಂಧುಗಳು, ನೆರೆಯವರು ಊಟ ಕಳಿಸುವುದು ಸುನ್ನತ್ ಎಂದು ವಿದ್ವಾಂಸರು ಹೇಳುವುದಕ್ಕೆ ಆಧಾರ ಈ ಘಟನೆಯೇ. ಮಯ್ಯಿತ್‌ನ ಮನೆಯಲ್ಲಿ ಜನ ಸೇರಿ ಆ ಮನೆಯವರಿಂದಲೇ ಅಡುಗೆ ಮಾಡಿಸುವುದನ್ನು ಸಹಾಬಿಗಳು ನಿಷಿದ್ಧ ರೋದನದ ಭಾಗವೆಂದೇ ಎಣಿಸುತ್ತಿದ್ದರೆಂದು ಹ. ಜರೀರ್ ಬಿನ್ ಅಬ್ದುಲ್ಲಾಹ್(ರ) ವರದಿ ಮಾಡಿದ್ದಾರೆ.

ಈಗ ನಮ್ಮ ಮೊಹಲ್ಲಾಗಳನ್ನು ನೋಡೋಣ. ಸಾವಿನ ಮನೆಗೆ ಅನ್ನ, ಸಾರು ಕಳಿಸುವ ಒಳ್ಳೆಯ ರೂಢಿ ನಮ್ಮ ಅನೇಕ ಊರುಗಳಲ್ಲಿ ಇಂದಿಗೂ ಉಳಿದಿದೆ. ಅದರ ಪಕ್ಕದಲ್ಲೇ ಇನ್ನೊಂದು ರೂಢಿ ಬೆಳೆದಿದೆ. ಮನೆಯ ಯಜಮಾನನನ್ನು ದಫನ ಮಾಡಿ ಬಂದ ಕೆಲವೇ ದಿನಗಳಲ್ಲಿ ಅದೇ ಮನೆಯಂಗಳದಲ್ಲಿ ದೇಗ್ ಏರುತ್ತದೆ. ಇದ್ದತ್‌ನಲ್ಲಿರುವ ವಿಧವೆ ಒಳಗೆ ಕುಳಿತು ಅಕ್ಕಿ, ಮಾಂಸದ ಲೆಕ್ಕ ಹಾಕುತ್ತಾಳೆ. ಜನ ಏನೆಂದಾರು ಎಂಬ ಭಯದಿಂದ ಸಾಲ ಮಾಡುವ ಮಕ್ಕಳಿದ್ದಾರೆ. ಜಅಫರ್‌ರ ಮನೆಯವರ ಹೊರೆ ಇಳಿಸಲು ಕೊಟ್ಟ ಆದೇಶವನ್ನು ನಾವು ತಲೆಕೆಳಗು ಮಾಡಿದ್ದೇವೆ.

ಸರಿಪಡಿಸುವುದು ಕಷ್ಟವೇನಲ್ಲ. ಒಂದು ಗಲ್ಲಿಯ ಹತ್ತು ಮನೆಗಳು ಸರದಿ ಮಾಡಿಕೊಂಡರೆ ಸಾವಿನ ಮನೆ, ಬಾಣಂತಿಯ ಮನೆ, ಹಾಸಿಗೆ ಹಿಡಿದವರ ಮನೆಯ ಊಟ ಯಾರಿಗೂ ಭಾರವಾಗದು. ನೆರೆಯವರು ಬೇರೆ ಧರ್ಮದವರಾದರೂ ಅವರ ಹಕ್ಕು ಇದ್ದೇ ಇದೆ. ಮನೆಯಲ್ಲಿ ಆಡು ಕೊಯ್ದಾಗ ನೆರೆಯ ಯಹೂದಿಗೆ ಪಾಲು ಹೋಯಿತೇ ಎಂದು ಹ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಮತ್ತೆ ಮತ್ತೆ ವಿಚಾರಿಸಿದ್ದರು. ದುಬಾರಿ ಅಡುಗೆಯೇ ಆಗಬೇಕಿಲ್ಲ. ಮದೀನಾದ ಆ ಮಹಿಳೆಯರು ಕೊಟ್ಟದ್ದು ಸುಟ್ಟ ರೊಟ್ಟಿ, ಅಷ್ಟೇ. ಹದಿನಾಲ್ಕು ಶತಮಾನ ಕಳೆದರೂ ಅದು ನೆನಪಿನಲ್ಲಿ ಉಳಿದಿದೆ.